ಸಂಘದ ಗೋದಾಮಿನಲ್ಲಿ ಎಲ್ಲವೂ "ಎಣ್ಣೆ"ಯೇ. ಮೊದಲು ಏನು ಸರಿ ಮಾಡಿಸಲಿ?

ಲೆಕ್ಕದ ಮಾಸ್ತರ, ಹಡಪ್ಸರ್

ನಮಸ್ಕಾರ. ಇದು ಉದ್ದ ಆಗುತ್ತದೆ, ಬೈಯಬೇಡಿ. ನಾನು ಇಂಡಿ ತಾಲೂಕಿನವನು, 14 ವರ್ಷದಿಂದ ಪುಣೆಯಲ್ಲಿದ್ದೇನೆ. ಸೊಲ್ಲಾಪುರ ರಸ್ತೆ ಹಿಡಿದು ಹೋದರೆ ಸಿಗುವ ಒಂದು ತಾಲೂಕಿನ ಖರೇದಿ ವಿಕ್ರಿ ಸಂಘದಲ್ಲಿ, ಅಂದರೆ ರೈತರಿಗೆ ಗೊಬ್ಬರ, ಔಷಧಿ ಮಾರುವ ಸಂಘದಲ್ಲಿ, ಲೆಕ್ಕ ಬರೆಯುತ್ತೇನೆ. ಯಾವ ತಾಲೂಕು ಅಂತ ಕೇಳಬೇಡಿ, ನನಗೆ ಈ ಕೆಲಸ ಬೇಕು.

ಮಳೆ ಹಿಡಿದ ದಿನವೇ ಯೂರಿಯಾ ಲಾರಿ ಬಂತು. ಗೋದಾಮಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹೊರಗಿಟ್ಟರೆ ಚೀಲ ನೆನೆಯುತ್ತವೆ, ಡ್ರೈವರ್ ಒಂದೇ ಸಮನೆ ಗಡಿಬಿಡಿ ಮಾಡುತ್ತಾನೆ, ಎಲ್ಲಿ ಜಾಗ ಇದೆಯೋ ಅಲ್ಲಿ ಹಾಕಿ ಅಂದರು ಗೋದಾಮು ನೋಡುವವರು. ಥಪ್ಪಿಯಿಂದ, ಅಂದರೆ ಪೇರಿಸಿಟ್ಟ ಸಾಲಿನಿಂದ, ಒಂದು ಚೀಲ ಜಾರಿ ಬೆಳೆಗೆ ಹೊಡೆಯುವ ಔಷಧಿಯ ಬಾಕ್ಸಿನ ಮೇಲೆ ಬಿತ್ತು. ಒಂದು ಬಾಟಲಿ ಒಡೆಯಿತು. ನಮ್ಮ ಹಮಾಲರೆಲ್ಲ ಯಾದಗಿರಿ, ಕಲಬುರಗಿ ಕಡೆಯವರು. ಅವರಲ್ಲಿ ಒಬ್ಬ ಹುಡುಗ ಗೋಣಿತಟ್ಟು ತಗೊಂಡು ಬರಿಗೈಯಲ್ಲಿ ಒರೆಸಿದ, ಒರೆಸಿದ ಕೈಯಲ್ಲೇ ತಂಬಾಕು ತಿಕ್ಕಿ ಬಾಯಿಗೆ ಹಾಕಿದ, ಆಮೇಲೆ ಅದೇ ಒದ್ದೆ ಅಂಗಿಯಲ್ಲೇ ಮತ್ತೆ ಚೀಲ ಹೊತ್ತ. ಒಂದು ತಾಸಿನೊಳಗೆ ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು ಅಂದ. ಯಾರೋ ಲಿಂಬೆ ಶರಬತ್ತು ತಂದರು. ಇನ್ಯಾರೋ ಹಾಲು ಕೊಡಿ ಅಂದರು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ, ಯಾವ ಔಷಧಿ? ಜೊತೆಗೆ ಹೋದವನಿಗೆ ಮರಾಠಿ ಬರುವುದಿಲ್ಲ, "ಎಣ್ಣೆ, ಎಣ್ಣೆ" ಅಂದನಂತೆ. ನಮ್ಮ ಕಡೆ ಹೊಲಕ್ಕೆ ಹೊಡೆಯುವ ಔಷಧಿಗೂ ಎಣ್ಣೆ ಅನ್ನುತ್ತಾರೆ. ಅಲ್ಲಿ ಕನ್ನಡ ಬಲ್ಲ ಸೊಲ್ಲಾಪುರದ ವಾರ್ಡ್‌ಬಾಯ್ ಒಬ್ಬ ಇದ್ದ. ಅವನು ಇದನ್ನು ಕೇಳಿ, ಕುಡಿದು ಬಂದಿದ್ದಾನೆ ಅಂತ ಡಾಕ್ಟರಿಗೆ ಹೇಳಿಬಿಟ್ಟ! ನಾನು ಫೋನಿನಲ್ಲಿ ಬಾಟಲಿಯ ಲೇಬಲ್ ಓದಿ ಹೇಳಿದ ಮೇಲೆ ಸರಿಯಾದ ಇಂಜೆಕ್ಷನ್ ಶುರುವಾಯಿತು. ಈಗ ಆರಾಮ ಇದ್ದಾನೆ, ಊರಿಗೆ ಹೋಗಿದ್ದಾನೆ.

ಮರುದಿನ ಗೋದಾಮಿನ ನಡುವೆ ನಿಂತು ಸುತ್ತ ನೋಡಿದೆ. ಇಷ್ಟು ವರ್ಷ ಅಲ್ಲಿ ಬರೀ ಸ್ಟಾಕ್ ಎಣಿಸಿದ್ದೆ. ಎಡಕ್ಕೆ ಯೂರಿಯಾ, ಡಿಎಪಿ ಗೊಬ್ಬರ. ಅದಕ್ಕೆ ತಾಗಿ 13:0:45 ಅನ್ನುವ ಗೊಬ್ಬರದ ಚೀಲಗಳು, ಅವುಗಳ ಮೇಲೇ ಗಂಧಕದ ಬ್ಯಾಗು. ಹಿಂದೆ ಬ್ಲೀಚಿಂಗ್ ಪೌಡರ್. ಬಾಗಿಲ ಹತ್ತಿರ ಟ್ರ್ಯಾಕ್ಟರಿಗೆ, ಜನರೇಟರಿಗೆ ಅಂತ ಎರಡು ಬ್ಯಾರಲ್ ಡೀಸೆಲ್, ಪಕ್ಕದಲ್ಲಿ ಒಂದು ಕ್ಯಾನ್ ಪೆಟ್ರೋಲ್. ಔಷಧಿ ಬಾಕ್ಸುಗಳು ಎಲ್ಲಿ ಬೇಕೋ ಅಲ್ಲಿ. ಮೂಲೆಯಲ್ಲಿ ಮುದತ್ತು ಮುಗಿದ ಬಾಟಲಿಗಳು, ಕೆಲವು ಉಬ್ಬಿವೆ. ಆ ಮೂಲೆಯ ಮೇಲೆಯೇ ಚಾವಣಿಯ ಪತ್ರಾ (ತಗಡು) ಸೋರುತ್ತದೆ. ಇದೆಲ್ಲದರ ನಡುವೆ ಹಮಾಲರ ಬುತ್ತಿ ಗಂಟು ಮೊಳೆಗೆ ನೇತಾಡುತ್ತಿತ್ತು.

ಚೇರ್ಮನ್ನರಿಗೆ ಹೇಳಿದರೆ ಮಾರ್ಚಿನಲ್ಲಿ ನೋಡೋಣ ಅನ್ನುತ್ತಾರೆ. ದುಡ್ಡಿಲ್ಲದೆ ಮೊದಲು ಏನು ಮಾಡಬಹುದು ಹೇಳಿ. ಇನ್ನೊಂದು, ಬೇರೂತಿನ ಬಂದರಿನಲ್ಲಿ ಆದಂಥ ಸ್ಫೋಟ ನಮ್ಮಲ್ಲೂ ಆಗಬಹುದಾ? ಎರಡು ದಿನದಿಂದ ಸರಿಯಾಗಿ ನಿದ್ದೆ ಇಲ್ಲ.

ಹಳೇ ಅಂಗಡಿ, ಬಾರಾಮತಿ

22 ವರ್ಷದಿಂದ ಕೃಷಿ ಸೇವಾ ಕೇಂದ್ರ ನಡೆಸುತ್ತಿದ್ದೇನೆ. ನನ್ನ ಅಂಗಡಿಯೂ ಹೀಗೇ ಇದೆ. ಏನೂ ಆಗಿಲ್ಲ. ಆ ಹುಡುಗನಿಗೆ ಆದದ್ದು ತಂಬಾಕಿನಿಂದ, ಗೋದಾಮಿನಿಂದ ಅಲ್ಲ. ಸುಮ್ನೆ ಹೆದರಿ ಬೇರೆಯವರನ್ನೂ ಹೆದರಿಸಬೇಡಿ.

ಶಿವಡಿ ಮಾವ, ಡೊಂಬಿವಲಿ

ನಾನು ಶಿವಡಿ ಕಡೆ ಎಣ್ಣೆ ಡಿಪೋದಲ್ಲಿ 31 ವರ್ಷ ಇದ್ದವ. ಆ ಎಣ್ಣೆ ಅಂದರೆ ಪೆಟ್ರೋಲು, ಡೀಸೆಲು ಮಾರಾಯ್ರೇ, ಇವರ ಎಣ್ಣೆ ಅಲ್ಲ.

22 ವರ್ಷ ಏನೂ ಆಗಿಲ್ಲ ಅನ್ನುವುದಕ್ಕೆ ನಾನೇನೂ ಹೇಳುವುದಿಲ್ಲ. 1944ರ ಏಪ್ರಿಲ್ 14ರ ಮಧ್ಯಾಹ್ನದವರೆಗೆ ಮುಂಬಯಿ ವಿಕ್ಟೋರಿಯಾ ಡಾಕಿನಲ್ಲಿಯೂ ಏನೂ ಆಗಿರಲಿಲ್ಲ. ಫೋರ್ಟ್ ಸ್ಟಿಕೀನ್ ಅಂತ ಹಡಗು. ಅದರಲ್ಲಿ ಸುಮಾರು 1400 ಟನ್ ಸ್ಫೋಟಕ ಇತ್ತು. ಕರಾಚಿಯಲ್ಲಿ ಜಾಗ ಉಳಿದಿದೆ ಅಂತ ಸಾವಿರಗಟ್ಟಲೆ ಹತ್ತಿ ಬೇಲು ತುಂಬಿದರು, ಎಣ್ಣೆ ಪೀಪಾಯಿಯನ್ನೂ ತುಂಬಿದರು. ಹತ್ತಿಗೆ ಬೆಂಕಿ ಹತ್ತಿತು. ನಾಲ್ಕು ಗಂಟೆ ಹೊತ್ತಿಗೆ ಹಡಗು ಸಿಡಿಯಿತು. ಬೆಂಕಿ ಆರಿಸಲು ಹೋದ 66 ಜನ ಫೈರ್ ಬ್ರಿಗೇಡಿನವರು ತೀರಿಕೊಂಡರು. ಈಗಲೂ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ಮಾಡುವುದು ಅವರ ನೆನಪಿಗೇ. ನಾನು ಬೊಂಬಾಯಿಗೆ ಬಂದಾಗ ಫೋರ್ಟಿನ ಹೋಟೆಲಿನಲ್ಲಿದ್ದ ನಮ್ಮೂರ ಹಿರಿಯರು ಆ ದಿನದ ಕತೆ ಹೇಳುತ್ತಿದ್ದರು. ಕಪಾಟಿನ ಗ್ಲಾಸುಗಳೆಲ್ಲ ತಮ್ಮಷ್ಟಕ್ಕೆ ಕೆಳಗೆ ಬಿದ್ದವಂತೆ.

ಜಾಗ ಇದೆ ಅಂತ ತುಂಬಿದರು ನೋಡಿ. ಮಾಸ್ತರ ಹೇಳಿದ್ದೂ ಅದೇ ಅಲ್ವಾ? ಒಂದೊಂದೇ ಸಾಮಾನು ಅದರಷ್ಟಕ್ಕೆ ಬೇರೆ ಇದ್ದರೆ ತೊಂದರೆ ಕಮ್ಮಿ. ಯಾವುದರ ಪಕ್ಕ ಯಾವುದು ಅನ್ನುವುದೇ ದೊಡ್ಡ ಪ್ರಶ್ನೆ.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ಡೀಸೆಲಿಗಿಂತ ನಿಮ್ಮ ಆ ಒಂದು ಕ್ಯಾನ್ ಪೆಟ್ರೋಲಿಗೆ ನಾನು ಜಾಸ್ತಿ ಹೆದರುತ್ತೇನೆ. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಮೇಲೆ ಹೋಗುವುದಿಲ್ಲ, ನೆಲ ಹಿಡಿದು ನೀರಿನ ಹಾಗೆ ಹರಿಯುತ್ತದೆ. ಇಲ್ಲಿ ಕ್ಯಾನ್ ಸೋರಿದರೆ ಅಲ್ಲೆಲ್ಲೋ ಇರುವ ಸ್ವಿಚ್ಚಿನ ಕಿಡಿಗೆ ಹತ್ತಿಕೊಂಡು ಬೆಂಕಿ ವಾಪಸ್ಸು ಬರುತ್ತದೆ. ನೂರಕ್ಕೆ ಒಂದೂವರೆ ಪಾಲು ಆವಿ ಗಾಳಿಯಲ್ಲಿ ಸೇರಿದರೆ ಸಾಕು.

ಡೀಸೆಲು ಹಾಗಲ್ಲ, ಆದರೆ ಅದನ್ನೂ ಪೂರ್ತಿ ನಂಬಬೇಡಿ. ನಮ್ಮ ದೇಶದ ಡೀಸೆಲಿನ ಫ್ಲ್ಯಾಶ್ ಪಾಯಿಂಟ್, ಅಂದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡಲು ಶುರುಮಾಡುವ ಬಿಸಿ, ಕಡಿಮೆ ಅಂದರೆ 35 ಡಿಗ್ರಿ ಇರಬೇಕು ಅಂತ ನಿಯಮ. ಮೇ ತಿಂಗಳಲ್ಲಿ ನಿಮ್ಮ ಪತ್ರಾ ಶೆಡ್ಡಿನೊಳಗೆ ಎಷ್ಟು ಡಿಗ್ರಿ ಇರುತ್ತದೆ? ಯೋಚನೆ ಮಾಡಿ.

ಲೆಕ್ಕದ ಮಾಸ್ತರ, ಹಡಪ್ಸರ್

ಮಾವ, ಮೇ ತಿಂಗಳಲ್ಲಿ ಒಳಗೆ ಹೋಗಲಿಕ್ಕೇ ಆಗುವುದಿಲ್ಲ. ನಾವು ಸ್ಟಾಕ್ ಎಣಿಸುವುದು ಬೆಳಗ್ಗೆ ಏಳಕ್ಕೆ. ಎರಡು ಬ್ಯಾರಲ್ ಡೀಸೆಲಿಗೆ ಲೈಸನ್ಸ್ ಬೇಕಾ? ಆಡಿಟಿನವರು ಒಮ್ಮೆ ಕೇಳಿದ್ದರು, ನಾನು ತಲೆ ಕೆರೆದುಕೊಂಡು ನಿಂತಿದ್ದೆ.

ಶಿವಡಿ ಮಾವ, ಡೊಂಬಿವಲಿ

1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಡೀಸೆಲ್ ಬಿ ವರ್ಗ. ಒಂದು ಜಾಗದಲ್ಲಿ ಒಟ್ಟು 2500 ಲೀಟರ್ ಮೀರಬಾರದು, ಒಂದೇ ಪಾತ್ರೆಯಲ್ಲಿ 1000 ಲೀಟರಿಗಿಂತ ಜಾಸ್ತಿ ಇರಬಾರದು. ಅಷ್ಟರೊಳಗೆ ಇದ್ದರೆ ಲೈಸನ್ಸ್ ಬೇಡ. ನಿಮ್ಮದು ಎರಡು ಬ್ಯಾರಲ್ ಅಂದರೆ 400 ಲೀಟರ್ ಚಿಲ್ಲರೆ. ಪೆಟ್ರೋಲು ಎ ವರ್ಗ, ಮಾರಲಿಕ್ಕೆ ಅಲ್ಲದಿದ್ದರೆ 30 ಲೀಟರ್ ತನಕ. ಅದನ್ನು ಮೀರಿದರೆ ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೋ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಸಂಸ್ಥೆಯ ಬಾಗಿಲು ತಟ್ಟಬೇಕು.

ಆದರೆ ಕಾಯ್ದೆ ಬಿಟ್ಟಿತು ಅಂತ ಬೆಂಕಿ ಬಿಡುವುದಿಲ್ಲ. ಇವತ್ತೇ ಎರಡೂ ಬ್ಯಾರಲ್ ಉರುಳಿಸಿಕೊಂಡು ಹೊರಗೆ ತನ್ನಿ, ಬಿಸಿಲು ಬೀಳದ ಕಡೆ ಒಂದು ಮಾಡು ಇಳಿಸಿ, ಕೆಳಗೆ ತಟ್ಟೆ ಇಡಿ. ಪೆಟ್ರೋಲು ಇಡಲೇಬೇಡಿ, ಬೇಕಾದಾಗ ಬಂಕಿನಿಂದ ತನ್ನಿ. ತರುವಾಗ ಕ್ಯಾನನ್ನು ಟೆಂಪೋದ ಮೇಲೆ ಇಟ್ಟುಕೊಂಡೇ ತುಂಬಿಸಬೇಡಿ, ನೆಲಕ್ಕೆ ಇಳಿಸಿ ತುಂಬಿಸಿ. ಎಣ್ಣೆ ಹರಿಯುವಾಗ ಹುಟ್ಟುವ ಕರೆಂಟು ನೆಲಕ್ಕೆ ಹೋಗಬೇಕು. ಈ ಒಂದು ಮಾತಿಗೆ ಜನ ನಗುತ್ತಾರೆ, ನಗಲಿ.

ಫೀಲ್ಡ್ ಹುಡುಗ, ನಾರಾಯಣಗಾಂವ್

ಮಾಸ್ತರೇ, ನಾನು ಔಷಧಿ ಕಂಪನಿಯ ಫೀಲ್ಡ್ ಕೆಲಸದವನು. ದ್ರಾಕ್ಷಿ ಸೀಸನ್ನಿನಲ್ಲಿ ಜುನ್ನರ್ ತಾಲೂಕಿನ ಅಂಗಡಿ ಅಂಗಡಿ ತಿರುಗುತ್ತೇನೆ. ಹೆಸರು ಹೇಳಲ್ಲ, ಅದೇ ಕಾರಣ.

ನಿಮ್ಮ ಪೋಸ್ಟಿನಲ್ಲಿ ನನಗೆ ಮೈ ಜುಮ್ ಅಂದದ್ದು ಡೀಸೆಲ್ ಅಲ್ಲ. 13:0:45 ಮೇಲೆ ಗಂಧಕ ಇಟ್ಟಿದ್ದೀರಲ್ಲ, ಅದು. 13:0:45 ಅಂದರೆ ಪೊಟ್ಯಾಶಿಯಂ ನೈಟ್ರೇಟ್. ನಮ್ಮ ಅಜ್ಜಂದಿರ ಭಾಷೆಯಲ್ಲಿ ಪೆಟ್ಲುಪ್ಪು. ಪೆಟ್ಲುಪ್ಪು, ಗಂಧಕ, ಇದ್ದಿಲು ಕೂಡಿದರೆ ಏನು ಅಂತ ಜಾತ್ರೆಯಲ್ಲಿ ಮದ್ದು ಸುಡುವುದನ್ನು ನೋಡಿದ ಎಲ್ಲರಿಗೂ ಗೊತ್ತು. ರೈತನಿಗೆ ಎರಡೂ ಬೇಕು, ಒಂದು ಕಾಯಿ ತೂಕಕ್ಕೆ, ಇನ್ನೊಂದು ಬೂದಿ ರೋಗಕ್ಕೆ. ಹಾಗಾಗಿ ಅಂಗಡಿಯಲ್ಲಿ ಎರಡೂ ಒಂದೇ ಕಪಾಟಿನಲ್ಲಿ ಜೋಡಿ ಎತ್ತಿನ ಹಾಗೆ ನಿಂತಿರುತ್ತವೆ.

ಯೂರಿಯಾ ಬಗ್ಗೆ ಹೆದರಬೇಡಿ. ಬೇರೂತಿನಲ್ಲಿ 2020ರ ಆಗಸ್ಟ್ 4ರಂದು ಸಿಡಿದದ್ದು ಅಮೋನಿಯಂ ನೈಟ್ರೇಟ್, ಸುಮಾರು 2750 ಟನ್, ವರ್ಷಗಟ್ಟಲೆ ಬಂದರಿನಲ್ಲಿ ಬಿದ್ದಿತ್ತು. ನಮ್ಮಲ್ಲಿ 45%ಗಿಂತ ಜಾಸ್ತಿ ಅಮೋನಿಯಂ ನೈಟ್ರೇಟ್ ಇರುವ ಮಾಲನ್ನು ಸ್ಫೋಟಕ ಅಂತಲೇ ಲೆಕ್ಕ ಹಿಡಿಯುತ್ತಾರೆ, 2012ರಿಂದ ಅದಕ್ಕೆ ಬೇರೆ ನಿಯಮವೇ ಇದೆ. ಯೂರಿಯಾ ಆ ಜಾತಿ ಅಲ್ಲ. ಯೂರಿಯಾಕ್ಕೆ ಶತ್ರು ನಿಮ್ಮ ಬ್ಲೀಚಿಂಗ್ ಪೌಡರು. ಎರಡೂ ನೆನೆದು ಕೂಡಿದರೆ ನೈಟ್ರೋಜನ್ ಟ್ರೈಕ್ಲೋರೈಡ್ ಹುಟ್ಟಬಹುದು, ಅದು ಸಿಡಿಯುವ ಪದಾರ್ಥ. ಬ್ಲೀಚಿಂಗಿಗೆ ಡೀಸೆಲು, ಗ್ರೀಸು ತಾಗಿದರೂ ಬೆಂಕಿ ಏಳಬಹುದು. ಅದನ್ನು ಮೊದಲು ದೂರ ಮಾಡಿ.

ಶಿವಡಿ ಮಾವ, ಡೊಂಬಿವಲಿ

ಫೀಲ್ಡ್ ಹುಡುಗ ಹೇಳಿದ್ದು ಸರಿ, ಸ್ವಲ್ಪ ತಿದ್ದುತ್ತೇನೆ. ಚೀಲದ ಮೇಲೆ ಚೀಲ ಇಟ್ಟ ಮಾತ್ರಕ್ಕೆ ಮದ್ದು ಆಗುವುದಿಲ್ಲ, ಮಾಸ್ತರ ಇವತ್ತು ರಾತ್ರಿ ಮಲಗಬಹುದು. ನೈಟ್ರೇಟ್ ತಾನಾಗಿ ಉರಿಯುವುದಿಲ್ಲ, ಉರಿಯುವುದಕ್ಕೆ ಆಮ್ಲಜನಕ ಕೊಡುತ್ತದೆ. ಬೇರೆ ಎಲ್ಲೋ ಬೆಂಕಿ ಹತ್ತಿ ಇಲ್ಲಿಗೆ ಬಂದರೆ ಆವಾಗ ಕಷ್ಟ. ಅದನ್ನು ಮುಚ್ಚಿ ಉಸಿರುಗಟ್ಟಿಸಿ ಆರಿಸಲು ಆಗುವುದಿಲ್ಲ, ಗೋಡೆಗೆ ನೇತುಹಾಕಿದ ಪೌಡರ್ ಸಿಲಿಂಡರ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ನೀರೇ ಬೇಕು, ಧಾರಾಳ ಬೇಕು. ಚೆಲ್ಲಿದ ನೈಟ್ರೇಟನ್ನು ಮರದ ಹೊಟ್ಟು ಹಾಕಿ ಗುಡಿಸುವುದು, ಡೀಸೆಲ್ ಒರೆಸಿದ ಗೋಣಿಯಿಂದ ಒರೆಸುವುದು ಮಾಡಬೇಡಿ.

ನೈಟ್ ಡ್ಯೂಟಿ ಅಕ್ಕ, ಚಿಂಚವಡ

ನಾನು ನರ್ಸ್, ಊರು ಹುಬ್ಬಳ್ಳಿ. "ತಂಬಾಕಿನಿಂದ ಆದದ್ದು" ಅಂತ ಮೇಲೆ ಒಬ್ಬರು ಬರೆದದ್ದು ಓದಿ ಸಿಟ್ಟು ಬಂತು, ಆದರೂ ಸಮಾಧಾನದಿಂದ ಬರೆಯುತ್ತೇನೆ.

ಬೆವರು, ಜೊಲ್ಲು, ಕಣ್ಣು ಮಂಜು, ಇದು ಆರ್ಗನೋಫಾಸ್ಫೇಟ್ ಅನ್ನುವ ಕೀಟನಾಶಕ ಜಾತಿಯ ವಿಷದ ಲಕ್ಷಣ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣದಾಗುತ್ತದೆ. ಅದು ಬಾಯಿಂದಲೇ ಹೋಗಬೇಕಂತಿಲ್ಲ, ಚರ್ಮದಿಂದ ಹೋಗುತ್ತದೆ. ಅಣ್ಣಾ, ಆ ಹುಡುಗ ಒದ್ದೆ ಅಂಗಿ ಹಾಕಿಕೊಂಡೇ ಒಂದು ತಾಸು ದುಡಿದ, ಮೈ ಬಿಸಿಯಾಗಿತ್ತು, ಬೆವರುತ್ತಿತ್ತು, ಅಂಗಿಯಿಂದಲೇ ಎಷ್ಟೋ ಹೋಗಿರುತ್ತದೆ. ತಂಬಾಕು ಬರೀ ಮೇಲಿನ ಒಗ್ಗರಣೆ.

ಇಂಥದ್ದು ಆದರೆ ಮೊದಲು ಅಂಗಿ ಬಿಚ್ಚಿಸಿ. ನಾಚಿಕೆ ಪಡುವ ಹೊತ್ತಲ್ಲ ಅದು. ಸಾಬೂನು ಹಚ್ಚಿ ನೀರು ಸುರಿಯಿರಿ, ತಲೆಕೂದಲು, ಉಗುರು ಕೂಡ. ತೊಳೆಯುವವರು ಕೈಗೆ ಗ್ಲೌಸ್ ಹಾಕಿಕೊಳ್ಳಲಿ, ಇಲ್ಲದಿದ್ದರೆ ನಮಗೆ ಇಬ್ಬರು ಪೇಷಂಟ್. ಹಾಲು, ತುಪ್ಪ, ಲಿಂಬೆ ಯಾವುದೂ ಬೇಡ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದಂತೂ ಬೇಡವೇ ಬೇಡ. 108ಕ್ಕೆ ಫೋನ್ ಹಚ್ಚಿ, ಬಾಟಲಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಗೆ ಕಳಿಸಿ, ಇಲ್ಲವೆ ಲೇಬಲ್ಲಿನ ಫೋಟೋ. ಈ ಜಾತಿಯ ವಿಷಕ್ಕೆ ಅಟ್ರೋಪಿನ್ ಇಂಜೆಕ್ಷನ್ ಇದೆ. ಪ್ಯಾರಾಕ್ವಾಟ್ ಕಳೆನಾಶಕಕ್ಕೆ ಮದ್ದೇ ಇಲ್ಲ, ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗೂ ಇಲ್ಲ. ಯಾವುದು ಅಂತ ಗೊತ್ತಾಗದೆ ನಾವು ಕೈಕಟ್ಟಿ ಕೂತ ರಾತ್ರಿಗಳಿವೆ. ದೆಹಲಿ ಏಮ್ಸ್‌ನಲ್ಲಿ ವಿಷ ಮಾಹಿತಿ ಕೇಂದ್ರ ಇದೆ, 1800 116 117, ಗೋಡೆಯ ಮೇಲೆ ಬರೆಸಿ.

ಮತ್ತೆ ಆ "ಎಣ್ಣೆ" ಮಾತು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರಲ್ಲ, ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಅನ್ನುವ ಕೀಟನಾಶಕ ಸೇರಿತ್ತು. ನಮ್ಮ ಕಡೆ ಹೊಲಕ್ಕೆ ಹೊಡೆಯುವುದೂ ಎಣ್ಣೆ, ಒಗ್ಗರಣೆಗೂ ಎಣ್ಣೆ, ಟ್ರ್ಯಾಕ್ಟರಿಗೂ ಎಣ್ಣೆ, ಸಂಜೆ ಕುಡಿಯುವುದೂ ಎಣ್ಣೆ. ಇದು ಬರೀ ನಗೆಚಾಟಿಕೆ ಅಲ್ಲ.

ಫೀಲ್ಡ್ ಹುಡುಗ, ನಾರಾಯಣಗಾಂವ್

ಅಕ್ಕಾ, ಸಂಜೆ ಎಣ್ಣೆ ಅಂದಿರಿ, ನೆನಪಾಯಿತು. ಅಕ್ಟೋಬರ್ ಚಾಟಣಿ (ಬಳ್ಳಿ ಕತ್ತರಿಸುವುದು) ಆದಮೇಲೆ ದ್ರಾಕ್ಷಿ ಕಣ್ಣು ಒಡೆಯಲಿ ಅಂತ ಹೈಡ್ರೋಜನ್ ಸಯನಮೈಡ್ ಹಚ್ಚುತ್ತಾರೆ. ಅದು ಮೈಗೆ ತಾಗಿದ ದಿನ ದಾರು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಬಿದ್ದೇ ಬಿಡುತ್ತಾರೆ. ಕುಡಿದದ್ದು ಜಾಸ್ತಿ ಆಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಗೋದಾಮಿನಲ್ಲಿ ಅದರ ಕ್ಯಾನ್ ಎತ್ತಿಡುವ ಹಮಾಲರಿಗೆ ಇದನ್ನು ಹೇಳಿದವರು ಯಾರೂ ಇಲ್ಲ. ನಾನೂ ಹೇಳಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಹಳೇ ಅಂಗಡಿ, ಬಾರಾಮತಿ

ಸರಿ ತಾಯಿ, ನನ್ನ ಮಾತು ವಾಪಸ್ಸು ತಗೊಂಡೆ. ಅಂಗಿ ವಿಷಯ ನನಗೆ ಗೊತ್ತಿರಲಿಲ್ಲ.

ಆದರೆ ಅಂಗಡಿಯವನ ಕಷ್ಟವನ್ನೂ ಕೇಳಿ. ಮಾರ್ಚ್ ಬಂದರೆ ಟಾರ್ಗೆಟ್ ಅಂತ ಕಂಪನಿಯವರು ಬೇಡ ಅಂದರೂ ಮಾಲು ಇಳಿಸಿ ಹೋಗುತ್ತಾರೆ. ಫೀಲ್ಡ್ ಹುಡುಗ, ನಿಮ್ಮವರೇ. ಮುದತ್ತು ಮುಗಿದ ಮೇಲೆ ಫೋನ್ ಎತ್ತುವುದಿಲ್ಲ. ಆ ಬಾಟಲಿಗಳನ್ನು ನಾನು ಏನು ಮಾಡಲಿ? ಬಾವಿಗೆ ಸುರಿಯಲಾ? ಅದಕ್ಕೇ ಮೂಲೆಯಲ್ಲಿ ಕೊಳೆಯುತ್ತವೆ. ಮಾಸ್ತರರ ಮೂಲೆಯೂ ಹಾಗೇ ಆದದ್ದು, ಬರೆದು ಕೊಡುತ್ತೇನೆ.

ಫೀಲ್ಡ್ ಹುಡುಗ, ನಾರಾಯಣಗಾಂವ್

ಕಾಕಾ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ವಾಪಸ್ಸು ತಗೊಳ್ಳಿ ಅಂತ ರಿಜಿಸ್ಟರ್ ಪೋಸ್ಟಿನಲ್ಲಿ ಬರೆಯಿರಿ, ಪ್ರತಿಯನ್ನು ಕೃಷಿ ಇಲಾಖೆಗೆ ಕಳಿಸಿ. ಫೋನ್ ಎತ್ತದವರು ಕಾಗದಕ್ಕೆ ಹೆದರುತ್ತಾರೆ. ಅಲ್ಲಿಯವರೆಗೆ, 1971ರ ಕೀಟನಾಶಕ ನಿಯಮದಲ್ಲಿ ಇದ್ದಂತೆ, ಮುದತ್ತು ಮುಗಿದದ್ದನ್ನು ಬೇರೆ ಮಾಡಿ ಮಾರಾಟಕ್ಕಲ್ಲ ಅಂತ ಮುದ್ರೆ ಒತ್ತಿಡಬೇಕು. ಔಷಧಿಯನ್ನು ಬೇರೆ ಸಾಮಾನಿನ ಜೊತೆ ಇಡಬಾರದು, ಬೇರೆ ಕೋಣೆ ಬೇಕು, ಕಮ್ಮಿ ಇದ್ದರೆ ಬೀಗ ಹಾಕಿದ ಕಪಾಟಾದರೂ ಬೇಕು. ಇದೂ ಅದೇ ನಿಯಮದಲ್ಲಿದೆ. ಸೋರುತ್ತಿರುವ ಬಾಟಲಿಯನ್ನು ಇನ್ನೊಂದು ಗಟ್ಟಿ ಡಬ್ಬಿಯೊಳಗೆ ನಿಲ್ಲಿಸಿ, ಸುತ್ತ ಒಣ ಮರಳು ತುಂಬಿ. ಖಾಲಿ ನೀರಿನ ಬಾಟಲಿಗೆ ಮಾತ್ರ ಬಗ್ಗಿಸಬೇಡಿ.

ಫೋಂಡಾ ಭಟ್ಟರು, ಗೋವಾ

ತಡವಾಗಿ ಬಂದೆ. ಅಡಿಕೆಗೆ ಮದ್ದು ಹೊಡೆಸುವ ಗಡಿಬಿಡಿ. ಸಿರಸಿ ಕಡೆಯವನು, ಗೋವಾದಲ್ಲಿ ತೋಟ. ನಮ್ಮದು ಮೈಲುತುತ್ತಿನ ಲೋಕ, ಸುಣ್ಣ ಮೈಲುತುತ್ತು ಕಲಸಿ ಕೊಳೆರೋಗಕ್ಕೆ ಹೊಡೆಯುವುದು. ಮೈಲುತುತ್ತನ್ನು ಕಬ್ಬಿಣದ ಬಕೆಟ್ಟಿನಲ್ಲಿ ಇಟ್ಟರೆ ಬಕೆಟ್ಟು ತೂತು, ಕಬ್ಬಿಣದ ಕಪಾಟಿನಲ್ಲಿ ಚೀಲ ಒಡೆದರೆ ಕಪಾಟೂ ಹೋಯಿತು. ನಮ್ಮ ಮಳೆಯಲ್ಲಿ ನಾಲ್ಕು ತಿಂಗಳು ಒಣ ನೆಲ ಅನ್ನುವುದೇ ಇಲ್ಲ, ಅದಕ್ಕೆ ಯಾವ ಚೀಲವನ್ನೂ ನೆಲದ ಮೇಲೆ ಇಡುವುದಿಲ್ಲ, ಗೋಡೆಗೂ ತಾಗಿಸುವುದಿಲ್ಲ, ನಡುವೆ ಮನುಷ್ಯ ಅಡ್ಡವಾಗಿ ನುಸುಳುವಷ್ಟು ಜಾಗ.

ನಾನು ಹೇಳಬೇಕೆಂದದ್ದು ನೀರಿನ ವಿಷಯ. ಬೆಂಕಿಗೆ ನೀರು ಹಾಕಿ ಅಂತ ಮಾವ ಹೇಳಿದರು. ಆ ನೀರು ಎಲ್ಲಿಗೆ ಹೋಗುತ್ತದೆ? 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಆರಿಸಿದ ನೀರು ಕೀಟನಾಶಕ ಸಮೇತ ರೈನ್ ನದಿ ಸೇರಿತು. ನದಿ ಕೆಂಪಾಯಿತು, ಮೀನು ರಾಶಿ ರಾಶಿ ಸತ್ತವು. ಮಾಸ್ತರೇ, ನಿಮ್ಮ ಗೋದಾಮಿನ ಇಳಿಜಾರು ಯಾವ ಕಡೆ ಇದೆ, ಕೆಳಗೆ ಯಾರ ಬಾವಿ ಇದೆ ನೋಡಿ. ಔಷಧಿ ಕೋಣೆಗೆ ಒಂದು ಹೊಸ್ತಿಲು ಕಟ್ಟಿಸಿ. ಇಟ್ಟಿಗೆ, ಸಿಮೆಂಟು, ಅರ್ಧ ದಿನದ ಕೆಲಸ. ಹಳೆ ಮನೆಗಳಲ್ಲಿ ಎತ್ತರದ ಹೊಸ್ತಿಲು ಇತ್ತಲ್ಲ, ಹಾಗೆ. ಒಳಗೆ ಚೆಲ್ಲಿದ್ದು ಒಳಗೇ ಉಳಿಯಬೇಕು.

ಲೆಕ್ಕದ ಮಾಸ್ತರ, ಹಡಪ್ಸರ್

ಇಳಿಜಾರು ಇರುವುದು ರಸ್ತೆ ಕಡೆ. ಅಲ್ಲಿ ಮಾರ್ಕೆಟ್ ಯಾರ್ಡಿನ ಬೋರ್‌ವೆಲ್ ಇದೆ.

ನರ್ಸ್ ಅಕ್ಕ ಹೇಳಿದ ಗುಳಿಗೆ ವಿಷಯ ಓದಿ ಎದ್ದು ಹೋಗಿ ನೋಡಿದೆ. ಇದೆ. ತೊಗರಿ ಖರೀದಿ ಮಾಡಿದ ವರ್ಷ ಚೀಲಕ್ಕೆ ಹುಳ ಬೀಳಬಾರದು ಅಂತ ತರಿಸಿದ್ದು, ಆರು ಡಬ್ಬಿ ಉಳಿದಿವೆ. ಎಲ್ಲಿ ಅಂತೀರಿ? ಪತ್ರಾ ಸೋರುವ ಮೂಲೆಯ ಪಕ್ಕದ ಹಲಗೆ ಮೇಲೆ.

ಶಿವಡಿ ಮಾವ, ಡೊಂಬಿವಲಿ

ಮಾಸ್ತರೇ, ಉಳಿದದ್ದೆಲ್ಲ ಬಿಡಿ, ಆ ಡಬ್ಬಿ ಮೊದಲು. ತೆರೆಯಬೇಡಿ, ಅಲ್ಲಾಡಿಸಬೇಡಿ. ಡಬ್ಬಿ ತುಕ್ಕು ಹಿಡಿದಿದ್ದರೆ, ಉಬ್ಬಿದ್ದರೆ, ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಬಂದರೆ ಹೊರಗೆ ಬಂದು ಬಾಗಿಲು ತೆರೆದಿಟ್ಟು ಫೈರ್ ಬ್ರಿಗೇಡಿಗೆ 101 ಹಚ್ಚಿ. ಗಟ್ಟಿ ಇದ್ದರೆ ಒಣ ಜಾಗಕ್ಕೆ, ಜನ ಮಲಗದ ಕಡೆ, ಬೀಗದೊಳಗೆ. ತೇವ ತಾಗಿದರೆ ಫಾಸ್ಫೀನ್ ಅನಿಲ ಬರುತ್ತದೆ, 3 ಗ್ರಾಮಿನ ಒಂದು ಗುಳಿಗೆಯಿಂದ 1 ಗ್ರಾಮ್ ಅನಿಲ. ತಿಗಣೆಗೆ ಅಂತ ಫ್ಲ್ಯಾಟಿನಲ್ಲಿ ಇಟ್ಟು ಪಕ್ಕದ ಮನೆಯವರು ಸತ್ತ ಸುದ್ದಿ ಪೇಪರಿನಲ್ಲಿ ಬರುತ್ತಿರುತ್ತದಲ್ಲ, ಇದೇ. ಅದಕ್ಕೇ ಇದನ್ನು ಸಾದಾ ಗಿರಾಕಿಗೆ ಮಾರುವಂತಿಲ್ಲ.

ಈಗ ಯೋಚಿಸಿ. ನಿಮ್ಮ ನೈಟ್ರೇಟಿಗೆ ಬೆಂಕಿ ಬಂದರೆ ಧಾರಾಳ ನೀರು ಬೇಕು. ನಿಮ್ಮ ಗುಳಿಗೆಗೆ ಒಂದು ಹನಿಯೂ ಬೀಳಬಾರದು. ಎರಡೂ ಒಂದೇ ಸೂರಿನ ಕೆಳಗೆ. ರಾತ್ರಿ ಎರಡು ಗಂಟೆಗೆ ಬರುವ ಫೈರ್ ಬ್ರಿಗೇಡಿನ ಹುಡುಗ ಪೈಪ್ ಹಿಡಿದು ನಿಂತರೆ ಅವನಿಗೆ ಯಾರು ಹೇಳಬೇಕು?

2013ರ ಏಪ್ರಿಲ್ 17, ಅಮೆರಿಕದ ಟೆಕ್ಸಾಸ್‌ನಲ್ಲಿ ವೆಸ್ಟ್ ಅಂತ ಒಂದು ಸಣ್ಣ ಊರು. ಬಂದರು ಅಲ್ಲ, ಕಾರ್ಖಾನೆ ಅಲ್ಲ, ರೈತರಿಗೆ ಗೊಬ್ಬರ ಕೊಡುವ ಗೋದಾಮು. ಮರದ ಕಟ್ಟಡ, ಮರದ ಕಣಜದಲ್ಲಿ ಅಮೋನಿಯಂ ನೈಟ್ರೇಟ್. ಬೆಂಕಿ ಬಿತ್ತು, ಊರಿನ ಸ್ವಯಂಸೇವಕರು ಆರಿಸಲು ಓಡಿದರು. ಕೆಲವೇ ನಿಮಿಷದಲ್ಲಿ ಸಿಡಿಯಿತು. 15 ಜನ ಸತ್ತರು, ಅದರಲ್ಲಿ 12 ಜನ ನೆರವಿಗೆ ಹೋದವರು. ನೀವು ಬೇರೂತ್ ಅಂದಿರಿ, ನಿಮ್ಮ ಗೋದಾಮಿಗೆ ಹತ್ತಿರದ ಕತೆ ಇದು.

ಅದಕ್ಕೆ ಗೇಟಿನ ಹೊರಗೆ ಒಂದು ನಕ್ಷೆ ಹಾಕಿ. ಯಾವ ಕೋಣೆಯಲ್ಲಿ ಏನು, ಎಷ್ಟು ಚೀಲ, ಎಲ್ಲಿ ನೀರು ಬೇಡ. ಮರಾಠಿಯಲ್ಲಿ ಬರೆಸಿ, ದೊಡ್ಡ ಅಕ್ಷರದಲ್ಲಿ. ಸ್ಟಾಕ್ ರಿಜಿಸ್ಟರ್ ಬರೆಯುವವ ನೀವೇ ಅಲ್ವಾ? ನಿಮ್ಮಷ್ಟು ಚೆನ್ನಾಗಿ ಇದನ್ನು ಇನ್ಯಾರು ಮಾಡುತ್ತಾರೆ? ಒಂದು ಪ್ರತಿ ಫೈರ್ ಸ್ಟೇಷನ್ನಿಗೆ ಕೊಟ್ಟು ಬನ್ನಿ, ಒಂದು ಚಹಾ ಕುಡಿದು ಬನ್ನಿ.

ನೈಟ್ ಡ್ಯೂಟಿ ಅಕ್ಕ, ಚಿಂಚವಡ

ಒಳಗೆ ಕನ್ನಡದಲ್ಲೂ ಬರೆಸಿ ಅಣ್ಣ. ಹಮಾಲರು ಓದುವುದು ಕನ್ನಡ ತಾನೆ? ಬಾಟಲಿ ಲೇಬಲ್ಲು ಇರುವೆ ಸಾಲಿನಷ್ಟು ಸಣ್ಣದು, ಅದೂ ಅವರಿಗೆ ಬರದ ಭಾಷೆ. ಓದು ಬರದಿದ್ದರೆ ಬಣ್ಣ ಕಲಿಸಿ. ಲೇಬಲ್ಲಿನ ಚೌಕದ ಕೆಳಗಿನ ತ್ರಿಕೋನ ಕೆಂಪು ಇದ್ದರೆ ಎಲ್ಲಕ್ಕಿಂತ ಕೆಟ್ಟದ್ದು, ಆಮೇಲೆ ಹಳದಿ, ಆಮೇಲೆ ನೀಲಿ, ಹಸಿರು ಕೊನೆಗೆ. ಹಸಿರು ಅಂದರೆ ಕುಡಿಯಬಹುದು ಅಂತ ಅಲ್ಲ, ಅದನ್ನೂ ಹೇಳಿ.

ಫೀಲ್ಡ್ ಹುಡುಗ, ನಾರಾಯಣಗಾಂವ್

ಬೋರ್ಡಿನ ಮೇಲೆ ಕೀಟನಾಶಕ ಅಂತ ಬರೆಸುತ್ತೀರಾ? ಆ ಪದ ಯಾರೂ ಆಡಲ್ಲ. ಔಷಧಿ ಅಂದರೆ ಒಳ್ಳೇದು ಅನಿಸುತ್ತದೆ. ಎಣ್ಣೆ ಅಂದರೆ ಮೇಲಿನ ಗೋಳು.

ಫೋಂಡಾ ಭಟ್ಟರು, ಗೋವಾ

ವಿಷ ಅಂತ ಬರೆಸಿ. ಎರಡೇ ಅಕ್ಷರ, ಪೇಂಟರಿಗೂ ಖರ್ಚು ಕಮ್ಮಿ.

ಹಳೇ ಅಂಗಡಿ, ಬಾರಾಮತಿ

ವಿಷ ಅಂತ ಬರೆದರೆ ಗಿರಾಕಿ ಬರುತ್ತಾನಾ? ಗೋದಾಮಿನೊಳಗೆ ಸರಿ, ಅಂಗಡಿಯಲ್ಲಿ ನಾನಂತೂ ಬರೆಯಲ್ಲ.

ಲೆಕ್ಕದ ಮಾಸ್ತರ, ಹಡಪ್ಸರ್

ಮೂರು ವಾರ ಆಯಿತು, ಏನಾಯಿತು ಅಂತ ಕೇಳಿದವರಿಗೆ.

ಡೀಸೆಲ್ ಹೊರಗೆ ಹೋಯಿತು, ಬೇವಿನ ಮರದ ಕೆಳಗೆ ಹಳೇ ಪತ್ರಾ ಇಳಿಸಿದೆವು. ಪೆಟ್ರೋಲ್ ಕ್ಯಾನ್ ಇಲ್ಲವೇ ಇಲ್ಲ. ಹಳೇ ವಾಚ್‌ಮನ್ ಕೋಣೆ ಔಷಧಿ ಕೋಣೆ ಆಯಿತು, ಹೊಸ್ತಿಲು ಕಟ್ಟಿದ್ದೇವೆ, ಭಟ್ಟರೇ, ಇಟ್ಟಿಗೆ ನಮ್ಮಲ್ಲೇ ಬಿದ್ದಿದ್ದವು. ಮುದತ್ತು ಮುಗಿದ ಬಾಟಲಿ ಎಣಿಸಿದರೆ 61. ಮುದ್ರೆ ಒತ್ತಿ ಬೇರೆ ಇಟ್ಟು ಮೂರು ಕಂಪನಿಗೆ ರಿಜಿಸ್ಟರ್ ಕಾಗದ ಹಾಕಿದೆ. ಒಬ್ಬರು ಬಂದು ತಗೊಂಡು ಹೋದರು, ಇಬ್ಬರದು ಸುದ್ದಿ ಇಲ್ಲ. ಗಂಧಕ ಒಂದು ಗೋಡೆಗೆ, 13:0:45 ಎದುರು ಗೋಡೆಗೆ. ನಡುವೆ ಗೋಡೆ ಇಲ್ಲ, ಡಿಎಪಿ ಥಪ್ಪಿ ಇದೆ, ಸದ್ಯಕ್ಕೆ ಅಷ್ಟೇ. ಬ್ಲೀಚಿಂಗ್ ಪೌಡರ್ ಇನ್ನು ಮುಂದೆ ತರಿಸುವುದೇ ಬೇಡ ಅಂತ ಆಯಿತು, ಅದರಲ್ಲಿ ಲಾಭವೂ ಇರಲಿಲ್ಲ. ಗುಳಿಗೆ ಡಬ್ಬಿ ಗಟ್ಟಿ ಇದ್ದವು, ಲೈಸನ್ಸ್ ಇರುವ ಪೆಸ್ಟ್ ಕಂಟ್ರೋಲಿನವರು ಬಂದು ಒಯ್ದರು. ನಕ್ಷೆ ಕೊಡಲು ಫೈರ್ ಸ್ಟೇಷನ್ನಿಗೆ ಹೋದಾಗ ಅಲ್ಲಿಯವರು ಮೊದಲು ನನ್ನನ್ನು ಏನೋ ಮಾರಲು ಬಂದವನು ಅಂದುಕೊಂಡರು. ಚಹಾ ಅವರೇ ಕುಡಿಸಿದರು.

ಬೋರ್ಡನ್ನು ನಾನೇ ಬರೆದೆ. ಕೆಂಪು ಬಣ್ಣದಲ್ಲಿ, "ವಿಷ. ಎಣ್ಣೆ ಅಲ್ಲ. ಔಷಧಿ ಅಲ್ಲ." ನಿನ್ನೆ ಆ ಹುಡುಗ ಊರಿಂದ ವಾಪಸ್ಸು ಬಂದ. ಬೋರ್ಡಿನ ಮುಂದೆ ನಿಂತು ಅಕ್ಷರ ಕೂಡಿಸಿ ಕೂಡಿಸಿ ಓದಿದ. ಓದಿ ನನ್ನ ಕಡೆ ತಿರುಗಿ, "ಸರ, ನಮ್ಮ ಮನ್ಯಾಗ ಒಲಿ ಮ್ಯಾಲಿನ ಮಾಡದಾಗ ಒಂದು ಬಾಟ್ಲಿ ಅದ, ಒಳ್ಳೆಣ್ಣಿ ಬಾಜೂಕ" ಅಂದ. ಅವನ ಫೋನಿಗೆ ಕರೆನ್ಸಿ ಇರಲಿಲ್ಲ. ನನ್ನ ಫೋನ್ ಇಸಿದುಕೊಂಡು ಅಲ್ಲೇ ನಿಂತು ಅವ್ವನಿಗೆ ಹಚ್ಚಿದ.

ಹಳೇ ಅಂಗಡಿ, ಬಾರಾಮತಿ

ಸೋರುವ ಪತ್ರಾ ಏನಾಯಿತು, ಅದನ್ನು ಹೇಳಲೇ ಇಲ್ಲ?

ಲೆಕ್ಕದ ಮಾಸ್ತರ, ಹಡಪ್ಸರ್

ಅದು ಮಾರ್ಚಿಗೆ ಅಂತೆ ಕಾಕಾ. ಸದ್ಯ ಕೆಳಗೆ ಬಕೆಟ್ ಇಟ್ಟಿದ್ದೇವೆ. ಪ್ಲಾಸ್ಟಿಕ್ಕಿನದು.